ಎಡಗಡೆಯ ಆರನೆಯ ಕಂಬ

ಮಾನ್ಯ ಅಧ್ಯಕ್ಷರೇ, ಚರ್ಚಿನ ಪೂಜ್ಯ ಗುರುಗಳೇ, ನನ್ನಂಥ ಗಾರೆ ಮೇಸ್ತ್ರಿಯನ್ನು ಸನ್ಮಾನಿಸಲು ಬಿಡುವು ಮಾಡಿಕೊಂಡು ಬಂದ ಸಭಿಕರೇ,

ಕಾರ್ಯಕ್ರಮ ಚರ್ಚಿನೊಳಗೆ ಎಂದು ಆಮಂತ್ರಣದಲ್ಲಿತ್ತು. ಈ ಶಾಲೆಯ ಸಭಾಂಗಣಕ್ಕೆ ಏಕೆ ಬಂದೆವು? ಬೆಳಗ್ಗೆ ಚರ್ಚಿಗೆ ಬೀಗ ಹಾಕಿಸಿದವನು ನಾನೇ.

ನಮ್ಮ ಚರ್ಚಿಗೆ ಇನ್ನೂರು ವರ್ಷ. ಕಲ್ಲು, ಸುಣ್ಣದ ಗಾರೆ, ಹನ್ನೆರಡು ಕಂಬ, ಕಮಾನುಗಳ ಮೇಲೆ ಕಲ್ಲಿನದೇ ಛಾವಣಿ. ಗಂಟೆಗೋಪುರ ಮಾತ್ರ ಒಂದು ಗೇಣು ಓರೆ. ಕಟ್ಟಿದವರಿಗೆ ಊಟದ ಹೊತ್ತಾಗಿತ್ತೋ ಏನೋ! ಅರವತ್ತು ವರ್ಷದ ಹಿಂದೆ ಎಡಗಡೆಯ ಆರನೆಯ ಕಂಬದ ಬುಡದ ಕಲ್ಲು ಸೀಳಿದಾಗ, ಹೊಸ ಕಲ್ಲು ಕೂರಿಸಿದವರು ನಮ್ಮ ತಂದೆ. ಅವರ ಹೆಸರಿನಿಂದಲೇ ನನಗೆ ಕೆಲಸ ಸಿಕ್ಕಿತು, ಹೆಣ್ಣು ಸಿಕ್ಕಿತು, ಇಂದು ಈ ಸನ್ಮಾನ.

ಅಂಥ ಕಲ್ಲು ಕೂರಿಸುವಾಗ ಸಂದಿಗೆ ಮರದ ಬೆಣೆ ಹೊಡೆಯುತ್ತೇವೆ. ಗಾರೆ ತುಂಬಿ, ಅದು ಗಟ್ಟಿಯಾದ ಮೇಲೆ ಬೆಣೆ ಕಿತ್ತು ಅಲ್ಲಿಗೂ ಗಾರೆ ತುಂಬಬೇಕು; ಮರ ಒಳಗೇ ಉಳಿದರೆ ಕೊಳೆತು ಕಂಬವೇ ಕುಸಿಯುತ್ತದೆ. ತಿಂಗಳುಗಟ್ಟಲೆ ಕಾಯುವ ಕೆಲಸ. "ಬೆಣೆ ತೆಗೆದೆಯೇನೋ? ಇನ್ನೊಂದ್ಸಲ ನೋಡು ಹೋಗು" ಎಂದು ಅಪ್ಪ ನನ್ನ ಪ್ರಾಣ ತಿನ್ನುತ್ತಿದ್ದರು.

ಇಂದು ಬೆಳಗ್ಗೆ ಆ ಕಂಬಕ್ಕೆ ಸುಣ್ಣ ಬಳಿಯಲು ಹೋದೆ. ಬುಡದಲ್ಲಿ ಬಿರುಕು. ಉಳಿಯಿಂದ ಕೆದಕಿದೆ. ಒಳಗೆ ಗಾರೆಯೇ ಇಲ್ಲ, ಸಭಿಕರೇ! ನಾಲ್ಕು ಬೆಣೆ, ಅಷ್ಟೇ. ಬೆರಳಿಟ್ಟರೆ ಪುಡಿ ಪುಡಿ. ಹೊರಗೆ ಮಾತ್ರ ಎಷ್ಟು ಚೆಂದ ಗಾರೆ ಮೆತ್ತಿದ್ದರು ಗೊತ್ತೇ?

"ಇವತ್ತೊಂದಿನ ಸುಮ್ಮನಿದ್ದುಬಿಡಿ, ನಿಮ್ಮ ಅಪ್ಪನ ಮರ್ಯಾದೆ ಪ್ರಶ್ನೆ" ಎಂದರು ಗುರುಗಳು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಮನೆಗೆ ಓಡಿದೆ. ತೊಂಬತ್ತು ದಾಟಿದ ಅಮ್ಮನಿಗೆ, "ಅಪ್ಪ ಬೆಣೆ ಮರೆತುಬಿಟ್ಟಿದ್ದಾರಮ್ಮ" ಎಂದೆ.

ಅಮ್ಮ ನನ್ನ ಮುಖ ನೋಡಲಿಲ್ಲ. "ಮರೆತಿರಲಿಲ್ಲ ಕಣೋ. ಗಾರೆ ತುಂಬೋ ಮೊದಲೇ ಚರ್ಚು ಮತ್ತೆ ತೆರೆಯೋ ದಿನ ಬಂದುಬಿಡ್ತು. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ನಿಮ್ಮನ್ನ ಒಂದಿನಾನೂ ಎಡಗಡೆ ಕೂರಿಸಲಿಲ್ಲ."

ಅಯ್ಯೋ, ಹಾಗಾದರೆ ಎಡಗಡೆ ಕೂತವರು ಯಾರು? ನೀವು. ನಿಮ್ಮ ಮಕ್ಕಳು. ಪ್ರತಿ ಭಾನುವಾರ ಅಪ್ಪ ನಿಮಗೆಲ್ಲ ಕೈಮುಗಿದು, ನಮ್ಮನ್ನು ಬಲಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ನನ್ನ ಮೊಮ್ಮಕ್ಕಳೂ ಬಲಗಡೆಯೇ ಕೂರುತ್ತಾರೆ. ಮನೆಯ ರೂಢಿ ಎಂದುಕೊಂಡಿದ್ದೆವು.

ಅಧ್ಯಕ್ಷರೇ, ಈ ಸನ್ಮಾನ ನನಗೆ ಬೇಡ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಧನ್ಯವಾದ. ಎಡಗಡೆ ಕೂತವರಿಗೆ, ನನ್ನದೂ ಅಪ್ಪನದೂ ಸೇರಿ, ನಮಸ್ಕಾರ.