ಸಿಗ್ನಲ್ಲಿನಲ್ಲಿ ಸುಮ್ಮನಾಗುವ ಕಾರು

ಅಣ್ಣ ಕಾರಿನ ಕೀಲಿಗೆ ಕೈ ಹಾಕಿದ. ತಂಗಿ ಅದನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಗ್ಯಾರೇಜಿನ ಬೆಂಚಿನ ಮೇಲೆ ತನ್ನ ಸ್ಕೂಟರಿಗಾಗಿ ಕಾಯುತ್ತಿದ್ದ ದರ್ಜಿ, ಪತ್ರಿಕೆ ಓದುವವನಂತೆ ನಟಿಸುತ್ತ ಕಿವಿಯನ್ನು ಅತ್ತಲೇ ಇಟ್ಟ.

"ನಡುರಸ್ತೇಲಿ ಉಸಿರೇ ನಿಲ್ಲಿಸ್ತಲ್ಲೇ ನಿನ್ನ ಹೈಬ್ರಿಡ್ಡು! ಇದರಲ್ಲಿ ಬಾಡಿಗೆ ಹೊಡೀತೀಯಾ?"

"ಅದು ನಿಲ್ಲಿಸ್ಲಿಲ್ಲ, ನೀನು ನಿಲ್ಲಿಸ್ದೆ. ಸಿಗ್ನಲ್ಲಲ್ಲಿ ಇಂಜಿನ್ ತಾನಾಗೇ ಆಫ್ ಆಗುತ್ತೆ. ಕೆಟ್ಟೇಹೋಯ್ತು ಅಂತ ನೀನು ಬಟನ್ ಒತ್ತಿ ಇಡೀ ಕಾರನ್ನೇ ಮಲಗಿಸ್ದೆ."

"ಇಂಜಿನ್ ಸದ್ದಿಲ್ದೆ ಗಾಡಿ ಹೋಗುತ್ತಾ?"

"ಹೋಗುತ್ತೆ. ನಿಧಾನಕ್ಕೆ ಹೋಗುವಾಗ ಬ್ಯಾಟರೀನೇ ಸಾಕು. ಏರು ಬಂದ್ರೆ ಇಂಜಿನ್ನೂ ಕೈ ಜೋಡಿಸುತ್ತೆ."

"ಆ ಬ್ಯಾಟರಿಗೆ ದಿನಾ ಚಾರ್ಜ್ ಎಲ್ಲಿ ಹಾಕ್ತೀಯ, ಅಡುಗೆಮನೇಲಾ?"

"ಪ್ಲಗ್ಗೇ ಬೇಡ. ಇಂಜಿನ್ ಓಡುವಾಗ ತುಂಬುತ್ತೆ, ಬ್ರೇಕ್ ಒತ್ತಿದಾಗೆಲ್ಲ ಮತ್ತಷ್ಟು ತುಂಬುತ್ತೆ. ಈ ಟ್ರಾಫಿಕ್ಕಲ್ಲಿ ಬ್ರೇಕಿಗೇನು ಬರಾನಾ?"

ದರ್ಜಿ ನಗು ತಡೆಯಲಾರದೆ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿದ. ಒಳಗಿನಿಂದ ಬಂದ ಮೆಕ್ಯಾನಿಕ್, "ಗಾಡಿಗೆ ಏನೂ ಆಗಿಲ್ಲ ಮೇಡಂ, ತಗೊಂಡೋಗಿ" ಎಂದು ಕೈ ಒರೆಸಿಕೊಳ್ಳುತ್ತ ಹೋದ.

ಅಣ್ಣನ ದನಿ ತಗ್ಗಿತು. "ನೋಡು ಪುಟ್ಟಿ, ಇದನ್ನ ಮಾರಿಬಿಡೋಣ. ನನ್ನ ಡೀಸೆಲ್ ಗಾಡಿ ಸುಮ್ನೆ ಕೊಡ್ತೀನಿ, ಅದನ್ನೇ ಬಾಡಿಗೆಗೆ ಓಡಿಸು. ಒಬ್ಬಳೇ ಹೋಗ್ತೀಯ, ದಾರೀಲಿ ಕೆಟ್ರೆ ನಾನಾದ್ರೂ ಬಂದು ರಿಪೇರಿ ಮಾಡಬಹುದು."

"ನಿಂಗೆ ರಿಪೇರಿ ಮಾಡೋಕೆ ಬರುತ್ತೆ ಅಂತ ನಾನು ಕೆಡೋ ಗಾಡೀನೇ ಓಡಿಸಬೇಕಾ?"

"ಹಟ ಮಾಡ್ಬೇಡ. ಇವತ್ತೇ ತಗೊಂಡೋಗು."

ತಂಗಿ ಆಗಲೇ ಅಂಗಳಕ್ಕೆ ಇಳಿದಿದ್ದಳು. ತಿರುಗಿಯೂ ನೋಡದೆ ಹೇಳಿದಳು:

"ಬೇಡ ಅಣ್ಣ. ನಂಗೆ ನಿನ್ನ ಗಾಡಿ ಬೇಡ."