ಚಕ್ಕಿನ ಪಟ್ಟಿಯ ಮೇಲಿನ ಕುಂಕುಮ

ಹೆಸರು ಸತ್ತಾರ್ ಸಾಬ್, ತಂದೆ ಅಮೀರ್ ಸಾಬ್, ವಯಸ್ಸು 46 ವರ್ಷ, ಉದ್ಯೋಗ ಮೋಟಾರ್ ವೈಂಡಿಂಗ್, ಸ್ವಂತ ಊರು ಮಾನ್ವಿ, ಸದ್ಯ ವಾಸ ರಾಯಚೂರು ನಗರ. ನಾನು ದಿನಾಂಕ 25-10-1988ರಂದು ಬೆಳಿಗ್ಗೆ 10-15ಕ್ಕೆ, ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಅಂಗಡಿಯಿಂದ ಸುಮಾರು 200 ಗಜ ದೂರದಲ್ಲಿ ಈರಯ್ಯನವರ ಲೇತ್ ವರ್ಕ್‌ಶಾಪ್ ಇರುತ್ತದೆ. ಅಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ಬುಷ್, ಅಂದರೆ ಯಂತ್ರದ ದಂಡ ಒಳಗೆ ತಿರುಗುವ ಲೋಹದ ಬಳೆ, ಮಾಡುತ್ತಾರೆ. ಅವರ ಮೋಟಾರುಗಳನ್ನು ಇಪ್ಪತ್ತು ವರ್ಷದಿಂದ ನಾನೇ ನೋಡುತ್ತೇನೆ. ಕಳೆದ ಬೇಸಿಗೆಯಲ್ಲಿ ಅವರು ಹೈದರಾಬಾದಿನಿಂದ ಹಳೆಯ ಸಿ.ಎನ್.ಸಿ. ಲೇತ್ ಒಂದನ್ನು ತಂದರು. ಊರವರು ಅದನ್ನು ಕಂಪ್ಯೂಟರ್ ಲೇತ್ ಎನ್ನುತ್ತಾರೆ. ಅದರ ಮೇಲೆ ಕೆಲಸ ಮಾಡುವವನು ದೇವದುರ್ಗ ತಾಲ್ಲೂಕು ಜಾಲಹಳ್ಳಿಯ ತಾಯಣ್ಣ, ವಯಸ್ಸು 31.

ಮಹಾನವಮಿಗೆ ನಾಲ್ಕು ದಿನ ಮೊದಲು ಆ ಲೇತಿನ ಡ್ರೈವ್ ಸುಟ್ಟುಹೋಯಿತು. ಡ್ರೈವ್ ಎಂದರೆ ಸ್ಪಿಂಡಲ್ ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಹೊಸದನ್ನು ಆರಿಸಿ ತರಲು ಈರಯ್ಯನವರು ನನಗೆ ಹೇಳಿದರು. ದಿನಾಂಕ 21ರ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ 2-30ಕ್ಕೆ ನಾನು ಲೇತ್ ನೋಡಲು ಹೋದೆ. ಮೋಟಾರಿನ ಮೇಲಿನ ವಿವರದ ಹಿತ್ತಾಳೆ ಪಟ್ಟಿ ಓದಿ ಬರೆದುಕೊಂಡೆ: ಐದು ಎಚ್.ಪಿ., ಕರೆಂಟು ಐವತ್ತು ಸೈಕಲ್ ಇದ್ದಾಗ ನಿಮಿಷಕ್ಕೆ 1440 ಸುತ್ತು. ಸರಿ ಬರೆದಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡಿದೆ. ನನ್ನ ಸ್ವಭಾವವೇ ಹಾಗೆ. ಅಂಗಡಿ ಬೀಗವನ್ನೂ ಮೂರು ಸಲ ಎಳೆದು ನೋಡುತ್ತೇನೆ.

ಕೆಲಸದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಮೇಲ್ಭಾಗದಲ್ಲಿ, ತಿರುಗದ ಕವಚದ ಮೇಲೆ, ಇನ್ನೊಂದು ಹಿತ್ತಾಳೆ ಪಟ್ಟಿ ಇರುತ್ತದೆ. ಚಕ್ಕು ಎಷ್ಟು ಸುತ್ತು ತಡೆಯುತ್ತದೆ ಎಂಬುದು ಅದರ ಮೇಲೆ ಇರುತ್ತದೆ. ಅದಕ್ಕಿಂತ ಜೋರಾಗಿ ತಿರುಗಿದರೆ ಚಕ್ಕಿನ ಹಿಡಿತ ಸಡಿಲುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಈರಯ್ಯನವರ ತಾಯಿಯವರು ಬುಧವಾರ ಆಯುಧ ಪೂಜೆ ಮಾಡಿದಾಗ ಆ ಪಟ್ಟಿಯ ಮೇಲೆಯೇ ವಿಭೂತಿ ಬಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮ ದಪ್ಪಗೆ ಹಚ್ಚಿದ್ದರು. ಒಂದು ಅಂಕಿಯೂ ಕಾಣುತ್ತಿರಲಿಲ್ಲ.

ನನ್ನ ಕಿಸೆಯಲ್ಲಿ ಬಟ್ಟೆ ಇತ್ತು. ತೆಗೆದೆ, ಮತ್ತೆ ಒಳಗಿಟ್ಟೆ. ಅವರು ಪೂಜಿಸಿದ ಕುಂಕುಮವನ್ನು ನಾನು ಅಳಿಸಿದರೆ ಏನು ತಿಳಿದುಕೊಂಡಾರು ಎಂದು ಹೆದರಿದೆ. ಆ ಮನೆಯಲ್ಲಿ ನನಗೆ ಯಾರೂ ಯಾವತ್ತೂ ಬೇರೆ ಲೋಟ ಇಟ್ಟವರಲ್ಲ. ಆದರೂ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದುಕೊಂಡು ಕೇಳಲೂ ಇಲ್ಲ. ಚಕ್ಕು ಎಷ್ಟು ತಡೆಯುತ್ತದೆ ಎಂದು ಈರಯ್ಯನವರನ್ನು ಕೇಳಿದ್ದಕ್ಕೆ, ಎರಡೂವರೆ ಸಾವಿರ ಇರಬಹುದು ಎಂದರು. ಪಟ್ಟಿ ಓದದೆ ತಂತಿ ಮುಟ್ಟಬೇಡ ಎಂದು ನನ್ನ ತಂದೆ ಕಲಿಸಿದ್ದರು. ಅಂದು ಆ ಮಾತು ಮೀರಿದೆ.

ದಿನಾಂಕ 22ರಂದು ಹೈದರಾಬಾದಿನ ಅಂಗಡಿಯಲ್ಲಿ ಎರಡು ಡ್ರೈವ್ ತೋರಿಸಿದರು. ಒಂದು ಐವತ್ತು ಸೈಕಲ್ಲಿಗೆ ನಿಲ್ಲುವುದು, ಇನ್ನೊಂದು ನೂರರವರೆಗೆ ಹೋಗುವುದು. ಸೈಕಲ್ ಏರಿದಷ್ಟೂ ಮೋಟಾರೂ, ಅದರ ಜೊತೆ ಚಕ್ಕೂ ಅಷ್ಟೇ ಜೋರಾಗಿ ತಿರುಗುತ್ತವೆ. ಒಂದು ತಾಸು ಅಲ್ಲಿಯೇ ಕುಳಿತು ಯೋಚಿಸಿ, ನೂರರದ್ದನ್ನು ಆರಿಸಿದೆ. ದಿನಾಂಕ 23ರಂದು ಜೋಡಿಸಿದೆ. ಕಂಪ್ಯೂಟರಿಗೂ ಅದಕ್ಕೂ ಇನ್ನೂ ಸಂಪರ್ಕ ಕೊಟ್ಟಿರಲಿಲ್ಲ, ವೇಗವನ್ನು ಕೈಯಿಂದ ಗುಂಡಿ ತಿರುಗಿಸಿಯೇ ಇಡಬೇಕಿತ್ತು. ಈರಯ್ಯನವರು ಹೇಳಿದ ಎರಡೂವರೆ ಸಾವಿರದೊಳಗೇ ಇರಲೆಂದು ಗುಂಡಿಯ ಸುತ್ತ ಎಂಬತ್ತರ ಅಂಕಿಯ ಎದುರಿಗೆ ಕೆಂಪು ಬಣ್ಣದಿಂದ ಗೆರೆ ಎಳೆದು, ಇದನ್ನು ದಾಟಬಾರದು ಎಂದು ತಾಯಣ್ಣನಿಗೆ ಹೇಳಿದೆ. ಅವನು ಗೆರೆಯ ಮೇಲೆ ಬೆರಳಿಟ್ಟು ನೋಡಿ, ಆಯ್ತು ಎಂದನು.

ದಿನಾಂಕ 24ರಂದು ಬೆಳಿಗ್ಗೆ 11-20ಕ್ಕೆ ದೊಡ್ಡ ಸದ್ದು ನನ್ನ ಅಂಗಡಿಯವರೆಗೆ ಕೇಳಿತು. ಚಪ್ಪಲಿ ಇಲ್ಲದೆ ಓಡಿದೆ. ಚಕ್ಕಿನ ಹಿಡಿತ ಸಡಿಲಿ ಎರಡು ಕಿಲೋ ತೂಕದ ಬುಷ್ ಸಿಡಿದು, ತಾಯಣ್ಣನ ಬಲ ಮೊಳಕೈಗೆ ಬಡಿದು, ಒಂಬತ್ತು ಅಡಿ ಆಚೆ ಬಿದ್ದಿತ್ತು. ಯಾರೂ ಗುಂಡಿ ಮುಟ್ಟುವ ಮೊದಲು ನಾನು ಅದನ್ನು ನೋಡಿದೆ. ಅದು ಸರಿಯಾಗಿ ನನ್ನ ಕೆಂಪು ಗೆರೆಯ ಮೇಲೆ ಇತ್ತು.

ಎಲುಬು ಮುರಿದಿದೆ, ಬೆರಳು ಮಡಚುವುದು ಅನುಮಾನ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ತಾಯಣ್ಣನ ಹೆಂಡತಿ ಯಮನಮ್ಮ ಬಾಗಿಲಲ್ಲಿ ಕುಳಿತಿದ್ದಳು. ತಾಯಣ್ಣ ನನ್ನ ಕೈ ಹಿಡಿದು, “ಸತ್ತಾರಣ್ಣ, ನೀ ಗೆರಿ ಹಾಕಿದ ಮ್ಯಾಲೇ ನಿಂದರ್ಸಿದ್ದೆ. ಒಂದು ಕೂದಲೆಳಿ ದಾಟಿಸಿಲ್ಲ” ಎಂದನು.

ಅದೇ ಸಂಜೆ 6 ಗಂಟೆಗೆ ಈರಯ್ಯನವರು ನನ್ನ ಅಂಗಡಿಗೆ ಬಂದು, ತಾಯಣ್ಣನೇ ಗೆರೆ ದಾಟಿಸಿ ತಿರುಗಿಸಿದ ಎಂದು ತಾವು ಠಾಣೆಯಲ್ಲಿ ಬರೆಸಿದ್ದಾಗಿಯೂ, ಹಾಗಾದರೆ ಪರಿಹಾರದ ಮಾತೇ ಬರುವುದಿಲ್ಲವೆಂದೂ, ನಾನು ಸುಮ್ಮನಿದ್ದರೆ ನನಗೂ ಒಳ್ಳೆಯದೆಂದೂ ಹೇಳಿದರು. ನಾನು ಹೂಂ ಎಂದೆ. ಹೂಂ ಎಂದದ್ದನ್ನೂ ಸಾಹೇಬರು ಬರೆದುಕೊಳ್ಳಬೇಕು.

ಇಂದು ಶೀಗಿ ಹುಣ್ಣಿಮೆ. ಬೆಳಿಗ್ಗೆ 7-30ಕ್ಕೆ ಒದ್ದೆ ಬಟ್ಟೆ ಹಿಡಿದು ಲೇತಿನ ಮುಂದೆ ನಿಂತೆ. ಇವತ್ತೂ ಕೈ ಏಳಲಿಲ್ಲ. ದೀಪ ಹಚ್ಚಲು ಬಂದ ಈರಯ್ಯನವರ ತಾಯಿಯವರು ಏನೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ತಮ್ಮ ಸೆರಗಿನಿಂದಲೇ ಪಟ್ಟಿಯನ್ನು ಒರೆಸಿದರು. 1500 ಸುತ್ತು ಮೀರಬಾರದು ಎಂದು ಇತ್ತು. ನನ್ನ ಗೆರೆಗೆ ಅದು 2300 ಸುತ್ತುತ್ತಿತ್ತು. ಐವತ್ತರ ಡ್ರೈವ್ ತಂದಿದ್ದರೆ ಸಾಕಾಗಿತ್ತು.

ಅವರು ಸೆರಗಿನ ಕೆಂಪು ಕಲೆಯನ್ನು ನೋಡಿ, “ಒಂದು ಮಾತು ಕೇಳಬೇಕಿತ್ತಲ್ಲೋ ಯಪ್ಪಾ. ಅವತ್ತೇ ಒರಸಿ ಕೊಡ್ತಿದ್ದೆ” ಎಂದರು. ಅಲ್ಲಿಂದ ನೇರವಾಗಿ ಠಾಣೆಗೆ ಬಂದಿದ್ದೇನೆ.

ತಾಯಣ್ಣನ ತಪ್ಪು ಏನೂ ಇರುವುದಿಲ್ಲ. ಡ್ರೈವ್ ಆರಿಸಿದವನು ನಾನು, ಕೆಂಪು ಗೆರೆ ನನ್ನ ಕೈಯದು.

ಬರೆದದ್ದನ್ನು ನನಗೆ ಓದಿ ಹೇಳಿದರು, ನಾನು ಹೇಳಿದ ಹಾಗೆಯೇ ಇದ್ದು ಎಲ್ಲವೂ ನಿಜವಿರುತ್ತದೆ. ಮತ್ತೆ ಎರಡು ಸಲ ಓದಿಸಿ ಕೇಳಿದ್ದೇನೆ.

ಸ್ಥಳ: ರಾಯಚೂರು
ದಿನಾಂಕ: 25-10-1988
ಸಹಿ (ಉರ್ದುವಿನಲ್ಲಿ): ಸತ್ತಾರ್ ಸಾಬ್