ಹಾಲು ಕುಡಿದು ಬಾಡಿದ ಸಂಪಿಗೆ

ಭಕ್ತಿ ಜಾಸ್ತಿಯಾಗಿ ಸಾಯೋದಕ್ಕೆ ಹೊರಟ ಮರವನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಪ್ರಸಾದಕ್ಕೆ ಇನ್ನೂ ಹೊತ್ತಿದೆ, ಕೇಳಿ.

ಒಬ್ಬ ಶ್ರೀಮಂತ ಇದ್ದ. ಯಾವೂರು ಅಂತ ಕೇಳಬೇಡಿ. ಹೇಳಿದರೆ ಇಲ್ಲೇ ಯಾರೋ ಅವನ ಬೀಗರು ಎದ್ದು ನಿಲ್ತಾರೆ. ಕೆಟ್ಟವನಲ್ಲ, ನೋಡಿ. ದೈವಭಕ್ತ. ಎಂಥ ಭಕ್ತ ಅಂದರೆ, ಅವನು ಪೂಜೆಯ ಗಂಟೆ ಬಾರಿಸಿದರೆ ಪಕ್ಕದ ಬೀದಿಯ ಮಕ್ಕಳು ಶಾಲೆ ಬಿಟ್ಟಿತು ಅಂತ ಚೀಲ ಎತ್ತಿಕೊಳ್ಳೋವು. ನೀವು ದೇವರಿಗೆ ಎಷ್ಟು ಹಾಲಿನ ಅಭಿಷೇಕ ಮಾಡ್ತೀರಿ? ಒಂದು ಉದ್ಧರಣೆ. ಅವನು ಒಂದು ಕೊಡ! ಅದರ ಮೇಲೆ ಮೊಸರು, ತುಪ್ಪ, ಜೇನು, ಸಕ್ಕರೆ, ಕಿವುಚಿದ ಬಾಳೆಹಣ್ಣು. ವಿಗ್ರಹ ಎಷ್ಟುದ್ದ? ಹೆಬ್ಬೆರಳಷ್ಟು. ಪಾಪ, ಬೆಳಗಾದರೆ ದೇವರು ಈಜಬೇಕು.

ಈಗ ಆ ಅಭಿಷೇಕದ ನೀರನ್ನ ಏನು ಮಾಡೋದು? ತುಳಿಯೋ ಹಾಗಿಲ್ಲ, ಮೋರಿಗೆ ಬಿಡೋ ಹಾಗಿಲ್ಲ. ನೀವು ಗಿಡದ ಬುಡಕ್ಕೆ ಹಾಕ್ತೀರಿ. ಅವನೂ ಅದನ್ನೇ ಮಾಡಿದ. ಅಂಗಳದಲ್ಲಿ ಒಂದು ಸಂಪಿಗೆ ಮರ ಇತ್ತು. ಅವನ ಹೆಂಡತಿ ಮದುವೆಯಾಗಿ ಬಂದಾಗ ತವರಿಂದ ಮಡಿಲಲ್ಲಿ ಇಟ್ಟುಕೊಂಡು ತಂದ ಸಸಿ. ಆಕೆಗೆ ಅದರ ಮೇಲೆ ಪ್ರಾಣ. ಹೂವಿನ ಕಾಲದಲ್ಲಿ ಆಕೆ ಮುಡಿದು ಮಿಕ್ಕಿದ್ದನ್ನ ಒಬ್ಬ ಹೂವಿನಜ್ಜಿ ಬುಟ್ಟಿ ತುಂಬ ಒಯ್ದು ಮಾರಿಕೊಂಡು ಬದುಕ್ತಿದ್ದಳು. ಶ್ರೀಮಂತ ದೇವರ ಮನೆಯಿಂದ ಆ ಮರದ ಬುಡಕ್ಕೆ ನೆಟ್ಟಗೆ ಒಂದು ಪೈಪು ಹಾಕಿಸಿದ. ತೀರ್ಥ ಒಂದು ಹನಿಯೂ ಆಚೆ ಹರಿಯಬಾರದು ಅಂತ ಸುತ್ತ ಗ್ರಾನೈಟಿನ ಕಟ್ಟೆ ಕಟ್ಟಿಸಿ, ಸಂದಿಗೆಲ್ಲ ಸಿಮೆಂಟು ಮೆತ್ತಿಸಿದ. ಕಟ್ಟೆ ಮೇಲೆ ಹೆಸರು ಕೆತ್ತಿಸಿದ. ಯಾರ ಹೆಸರು? ಮತ್ತಿನ್ಯಾರದು!

ವರ್ಷ ಕಳೀತು. ಮರದ ತುದಿ ಒಣಗಿತು. ಶ್ರೀಮಂತ ಹೇಳಿದ, "ದೃಷ್ಟಿ ಆಗಿದೆ." ಒಂದು ಬೂದುಗುಂಬಳಕಾಯಿ ಕಟ್ಟಿಸಿದ. ಇನ್ನೊಂದು ಗೇಣು ಒಣಗಿತು. ನೆಂಟರು ನೋಡಿದರೆ ಏನಂದಾರು ಅಂತ ಆಳನ್ನ ಹತ್ತಿಸಿ ಒಣಗಿದ್ದನ್ನ ಕತ್ತರಿಸಿದ. ಮತ್ತೆ ಒಣಗಿತು, ಮತ್ತೆ ಕತ್ತರಿಸಿದ. ಒಣಗಿತು, ಕತ್ತರಿಸಿದ. ಮರ ಮುಡಿ ಕೊಟ್ಟು ಬಂದವರ ಹಾಗೆ ಬೋಳಾಯಿತು. ಮಿಕ್ಕ ಎಲೆಗಳೂ ಜೋಲು ಬಿದ್ದವು. "ಅಯ್ಯೋ, ಬಾಯಾರಿಕೆ!" ಅಂದ. ಒಂದು ಕೊಡ ಇದ್ದದ್ದು ಎರಡು ಕೊಡ ಆಯಿತು. ಅಡುಗೆಯವನಿಗೆ, ಡ್ರೈವರಿಗೆ, ಹಾಲಿನವನಿಗೆ, ಎಲ್ಲರಿಗೂ ಅಪ್ಪಣೆ: ಬರ್ತಾ ಹೋಗ್ತಾ ಒಂದೊಂದು ಬಿಂದಿಗೆ ಸುರಿಯಿರಿ.

ಒಂದು ಬೆಳಿಗ್ಗೆ ನೋಡ್ತಾನೆ, ಬುಡದಲ್ಲಿ ಅಂಗೈ ಅಗಲದ ಬಿಳೀ ಅಣಬೆ! ಬೇರು ಕೊಳೆತರೆ ಅಣಬೆ ಏಳ್ತದೆ, ಅಷ್ಟೇ. ಅವನೇನಂದ? "ಭಗವಂತ ಬೆಳ್ಳಿಯ ಛತ್ರಿ ಹಿಡಿದು ಬಂದಿದ್ದಾನೆ!" ಅಣಬೆಗೆ ಕುಂಕುಮ ಇಟ್ಟ. ಊರಿಗೆ ಊರೇ ಸಾಲು ನಿಂತು ಅಣಬೆಗೆ ಆರತಿ ಎತ್ತಿತು. ಯಾರೋ ಒಬ್ಬ ಸ್ವಾಮಿಯನ್ನೂ ಕರೆಸಿದರು. ಆ ಸ್ವಾಮಿ ಬಂದ, ಹೋಳಿಗೆ ತಿಂದ, ಪವಾಡ ಅಂದ, ಹೋದ. ನಗಬೇಡಿ. ಆ ಸ್ವಾಮಿ ನಾನೇ. ಹೋಳಿಗೆ ಬಹಳ ಚೆನ್ನಾಗಿತ್ತು.

ಹೂವಿನಜ್ಜಿಯೂ ಸಾಲಲ್ಲಿ ಬಂದಳು. ಎಲ್ಲರೂ ಅಣಬೆ ನೋಡಿದರೆ ಅವಳು ಮಣ್ಣು ನೋಡಿದಳು.

"ಬುದ್ಧೀ, ಈ ಸಲ ದಿನಾ ಖಾಲಿ ಬುಟ್ಟಿ ಹೊತ್ಕೊಂಡು ಹೋಗ್ತಾ ಇದೀನಿ. ಒಂಚೂರು ಬುಡ ನೋಡ್ಲಾ?" ಉತ್ತರಕ್ಕೆ ಕಾಯಲಿಲ್ಲ. ತೋರುಬೆರಳನ್ನ ಮಣ್ಣಿಗೆ ಪೂರ್ತಿ ಇಳಿಸಿ, ತೆಗೆದು, ಶ್ರೀಮಂತನ ಮೂಗಿಗೆ ಹಿಡಿದಳು.

"ಥೂ! ಏನೇ ಇದು ಗಬ್ಬುನಾತ?"

"ನಿಮ್ಮ ತೀರ್ಥ, ಬುದ್ಧಿ. ಇದಕ್ಕೆ ಬಾಯಾರಿಕೆ ಅಲ್ಲ. ಮುಳುಗ್ತಾ ಇದೆ."

ಹೆಂಡತಿ ಕೇಳಿಸಿಕೊಂಡಳು. ಬಂದು ತಾನೂ ಬೆರಳು ಹಾಕಿದಳು, ಮೂಸಿದಳು. ಹಿತ್ತಿಲಿಗೆ ಹೋಗಿ ಹಾರೆ ತಂದಳು.

"ರೀ, ಪಕ್ಕಕ್ಕೆ ಸರೀರಿ."

"ಲೇ, ಅದು ಗ್ರಾನೈಟು ಕಣೇ!"

"ಗೊತ್ತು. ಸರೀರಿ."

ಮೊದಲ ಏಟು ಎಲ್ಲಿ ಬಿತ್ತು ಗೊತ್ತಾ? ಸರಿಯಾಗಿ ಅವನ ಹೆಸರಿನ ಮೇಲೆ. ಕಟ್ಟೆ ಬಿರುಕು ಬಿಟ್ಟದ್ದೇ ತಡ, ಒಳಗಿನ ಕಪ್ಪು ನೀರು ಅಂಗಳಕ್ಕೆಲ್ಲ ಹರಿಯಿತು. ಭಕ್ತರು ಪಂಚೆ ಎತ್ತಿಕೊಂಡು ಓಡಿದರು. ಬೇರು ಹಿಡಿದರೆ ಬೇಯಿಸಿದ ಗೆಣಸಿನ ಹಾಗೆ ಸಿಪ್ಪೆ ಕಳಚಿ ಕೈಗೆ ಬರ್ತಿತ್ತು. ಆ ತಾಯಿ ಅಲ್ಲೇ ಕೆಸರಲ್ಲಿ ಕೂತು ಅತ್ತಳು. ಅಜ್ಜಿ ಮಾತ್ರ ಕೆದಕಿದಳು, ಕೆದಕಿದಳು. ಮೂಲೆಯಲ್ಲಿ ಒಂದೇ ಒಂದು ಬೇರು ಗಟ್ಟಿಯಾಗಿತ್ತು.

"ಅಮ್ಮಾವ್ರೇ, ಅಳಬೇಡಿ, ಜೀವ ಇದೆ. ಕೊಳೆತದ್ದು ಕತ್ತರಿಸೋಣ. ಬಿಸಿಲು ಬೀಳ್ಲಿ. ಮಣ್ಣು ಒಣಗೋ ತನಕ ಒಂದು ತೊಟ್ಟು ನೀರು ಬೇಡ."

"ಮತ್ತೆ ನಾನೇನು ಮಾಡ್ಲಿ?" ಅಂದ ಶ್ರೀಮಂತ.

"ಏನೂ ಮಾಡ್ಬೇಡಿ, ಬುದ್ಧಿ."

ಅಯ್ಯಯ್ಯೋ! ಅಷ್ಟು ದೊಡ್ಡ ವ್ರತವನ್ನ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಬೆಳಗಾದರೆ ಚೊಂಬು ಹಿಡಿದು ಬರ್ತಿದ್ದ. ಒಡೆದ ಗ್ರಾನೈಟಿನ ಮೇಲೆ ಹೆಂಡತಿ ಕೂತಿರೋಳು. ಸುಮ್ಮನೆ ನೋಡೋಳು. ಇವನು ಆ ನೀರನ್ನ ತಾನೇ ಕುಡಿದು ವಾಪಸ್ ಹೋಗೋನು. ಅಭಿಷೇಕ ಒಂದು ಉದ್ಧರಣೆಗೆ ಇಳೀತು. ದೇವರಿಗೆ ಕೋಪ ಬಂತಾ? ಇಲ್ಲ. ನನ್ನ ಕೇಳಿದರೆ ದೇವರಿಗೂ ಶೀತ ಬಿಟ್ಟಿತು.

ಮೇಲಿನ ಅರ್ಧ ಮರ ಹೋಗಿಯೇ ಹೋಯಿತು, ಸುಳ್ಳು ಹೇಳಲ್ಲ. ಮುಂದಿನ ವರ್ಷ ಪಕ್ಕದ ಒಂದು ಕೊಂಬೆ ಚಿಗುರಿ ಏಳು ಹೂ ಬಿಟ್ಟಿತು. ಆ ತಾಯಿ ಒಂದು ಮುಡಿದು, ಮಿಕ್ಕ ಆರನ್ನೂ ಅಜ್ಜಿಯ ಬುಟ್ಟಿಗೆ ಹಾಕಿದಳು.

ನೋಡಿ, ಬಾಯಾರಿದ ಗಿಡದ ಎಲೆಯೂ ಬಾಡ್ತದೆ, ಮುಳುಗುವ ಗಿಡದ ಎಲೆಯೂ ಬಾಡ್ತದೆ. ಮೇಲೆ ನಿಂತವರಿಗೆ ಎರಡೂ ಒಂದೇ. ಸುರಿಯುವವನಿಗೆ ಸುರಿಯೋದರಲ್ಲೇ ಸುಖ. ಮುಂದಿನ ಸಾಲಿನ ತಾಯೀ, ಮಗ ಮಂಕಾಗಿ ಕೂತಿದ್ದ. ನೀವೇನು ಮಾಡಿದಿರಿ? ಇನ್ನೊಂದು ಟ್ಯೂಷನ್! ಕಂಬದ ಪಕ್ಕದ ಯಜಮಾನರೇ, ಮನೆಯಾಕೆ ಎರಡು ದಿನದಿಂದ ಮಾತಾಡಿಲ್ಲ. ನೀವೇನು ಕೊಟ್ಟಿರಿ? ಅರ್ಧ ಗಂಟೆ ಉಪದೇಶ! ಆಕೆ ಇನ್ನಷ್ಟು ಬಾಡಿದಳು. ನೀವು ಮತ್ತೆ ಅರ್ಧ ಗಂಟೆ!

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಯಾರ ಮುಖ ಬಾಡಿದೆಯೋ ಅವರ ಪಕ್ಕ ಕೂತುಕೊಳ್ಳಿ. ಏನು ಕೊಡಲಿ ಅಂತ ಕೇಳಬೇಡಿ. "ನಾನು ಏನನ್ನ ನಿಲ್ಲಿಸಲಿ?" ಅಂತ ಕೇಳಿ. ಅವರು ಹೇಳಿದ್ದನ್ನ ನಿಜವಾಗಿ ನಿಲ್ಲಿಸಿ. ಕೈಯಲ್ಲಿ ಚೊಂಬಿದ್ದರೆ ಆ ನೀರನ್ನ ನೀವೇ ಕುಡೀರಿ.

ಹಿಂದಿನ ಸಾಲಲ್ಲಿ ಇಬ್ಬರ ತಲೆ ಜೋಲ್ತಾ ಇದೆ. ಇನ್ನೂ ಸುರಿದರೆ ನಾನೂ ಆ ಶ್ರೀಮಂತನೇ. ನಿಲ್ಲಿಸಿದೆ. ಏಳಿ, ಪ್ರಸಾದಕ್ಕೆ ನಡೀರಿ.